ಇಡ್ಲಿ ತಟ್ಟೆಯಲ್ಲಿಟ್ಟಿದ್ದ ವಾಲ್ವುಗಳು

ಸ್ನೇಹಿತರೇ, ನನ್ನ ಹಳೆಯ ಅಂಬಾಸಿಡರ್ ಕಾರಿನ ಎಂಜಿನ್ ವಾಲ್ವುಗಳು ಇಂದು ಬೆಳಿಗ್ಗೆ ಬೆಳ್ಳಿಯ ಹಾಗೆ ಹೊಳೆಯುತ್ತ, ಅಡುಗೆಮನೆಯ ಬುಟ್ಟಿಯಲ್ಲಿ ಸೌಟುಗಳ ಜೊತೆ ಬಿದ್ದಿದ್ದವು.

ನಿನ್ನೆ ಅವನ್ನು ಸಿಲಿಂಡರ್ ಹೆಡ್‌ನಿಂದ ಬಿಚ್ಚಿ, ಯಾವುದು ಯಾವ ತೂತಿನದ್ದೆಂದು ಮರೆಯಬಾರದೆಂದು ಇಡ್ಲಿ ತಟ್ಟೆಗಳ ಗುಳಿಯಲ್ಲಿ ಸಾಲಾಗಿ ಇಟ್ಟಿದ್ದೆ. ವರ್ಷಗಟ್ಟಲೆ ಮೇಲೆ ಕೆಳಗೆ ಓಡಿ ಒಂದೊಂದು ವಾಲ್ವೂ ತನ್ನ ಜಾಗಕ್ಕೆ ತಕ್ಕಂತೆ ಸವೆದಿರುತ್ತದೆ. ಇಂದು ಮೈಕ್ರೋಮೀಟರ್ ಹಿಡಿದು ಆ ಸವೆತವನ್ನು ಅಳೆಯುವವನಿದ್ದೆ. ಅಷ್ಟರಲ್ಲಿ ಕುಕ್ಕುಂದೂರಿನಿಂದ ಬಂದಿರುವ ಅತ್ತೆಗೆ ಇಡ್ಲಿ ತಟ್ಟೆ ಬೇಕಾಯಿತು.

"ಎಷ್ಟು ಕಪ್ಪಾಗಿತ್ತು ಮಾರಾಯ್ರೆ. ಹುಣಸೆಹುಳಿ ಹಾಕಿ ತಿಕ್ಕಿದೆ" ಎಂದರು ವಾಲ್ವುಗಳನ್ನು ತೋರಿಸಿ.

ಹೆಂಡತಿಯಾಗಿದ್ದರೆ ಎರಡು ಮಾತು ಆಡಬಹುದಿತ್ತು. ಅತ್ತೆಗೆ ಎಂತ ಹೇಳುವುದು? ಸಾಲು ತಪ್ಪಿತಲ್ಲ ಎಂದಷ್ಟೇ ಅಂದೆ.

"ಎಲ್ಲ ಒಂದೇ ನಮೂನೆ ಉಂಟಲ್ವಾ? ಯಾವುದನ್ನು ಎಲ್ಲಿ ಹಾಕಿದರೆ ಎಂತ?"

"ಹಾಗಲ್ಲ ಅತ್ತೆ. ಇದು ಡಬ್ಬಿಯ ಮುಚ್ಚಳದ ಹಾಗೆ. ಅದರದ್ದು ಅದಕ್ಕೇ ಕೂರುವುದು. ಬದಲಾದರೆ ಗಾಳಿ ಸೋರುತ್ತದೆ."

ಅತ್ತೆ ಗಂಭೀರವಾದರು. "ಮುಚ್ಚಳ ಅಂತ ಮೊದಲೇ ಹೇಳಬೇಕಲ್ವಾ? ಹೆದರಬೇಡಿ, ನಾನೇ ಜೋಡಿಸಿ ಕೊಡುತ್ತೇನೆ."

ಈಗ ಇಬ್ಬರೂ ಜಗಲಿಯಲ್ಲಿ ಕುಳಿತಿದ್ದೇವೆ. ನಾನು ಒಂದೊಂದನ್ನೇ ಅಳೆಯುತ್ತಿದ್ದೇನೆ, ಅವರು ಒಂದೊಂದನ್ನೇ ಸಿಲಿಂಡರ್ ಹೆಡ್‌ನ ತೂತಿಗೆ ಹಾಕಿ ತಿರುಗಿಸಿ ನೋಡುತ್ತಿದ್ದಾರೆ. ಹೋದ ಸಲ ಬಂದಾಗ ಅವರು ನಮ್ಮ ಡಬ್ಬಿಗಳನ್ನೆಲ್ಲ ತೊಳೆದು ಮುಚ್ಚಿಟ್ಟು ಹೋದಂದಿನಿಂದ ಮೆಣಸಿನ ಹುಡಿಯ ಡಬ್ಬಿಗೆ ಮುಚ್ಚಳ ಸರಿಯಾಗಿ ಕೂತೇ ಇಲ್ಲ.