ಸೊಪ್ಪಿನ ಬುಟ್ಟಿಯೊಳಗಿನ ಹೊಗೆಸೊಪ್ಪು

ನಾನು ಮದುವೆಯಾಗಿ ಮೇಲೂರಿಗೆ ಬಂದ ನಲವತ್ತನೆಯ ದಿನ ನನ್ನ ಮಾವನಿಗೆ ಎದೆನೋವು ಬಂತು. ದಿನ ಎಣಿಸಿದವಳು ನಾನಲ್ಲ. ಸುದ್ದಿ ಕೇಳಿ ಚಿಂತಾಮಣಿಯಿಂದ ಓಡಿಬಂದ ನಮ್ಮತ್ತೆಯ ಅಕ್ಕ, ಕಾಲು ತೊಳೆಯುವ ಮೊದಲೇ ಬೆರಳು ಮಡಿಚಿ ಲೆಕ್ಕ ಹಾಕಿದರು. "ಸೊಸೆ ಒಳಗೆ ಕಾಲಿಟ್ಟು ನಲವತ್ತೇ ದಿನ ಕಣೇ" ಎಂದು ತಂಗಿಗೆ ಹೇಳಿದರು. ಅಡುಗೆಮನೆಯಲ್ಲಿದ್ದ ನನಗೆ ಕೇಳಿಸಲಿ ಎಂದೇ ಗಟ್ಟಿಯಾಗಿ ಹೇಳಿದ್ದು.

ಐವತ್ತರ ದಶಕದ ಕೊನೆಯ ಮಾತು. ನನಗೆ ಹತ್ತೊಂಬತ್ತು ವರ್ಷ, ಕೋಪ ಮೂಗಿನ ತುದಿಯಲ್ಲಿ. ಆದರೂ ಆ ಮಾತು ಕೇಳಿ ತಲೆ ತಗ್ಗಿಸಿ ಒಲೆ ಊದಿದೆ. ಕಾಲ್ಗುಣ ಕೆಟ್ಟದ್ದು ಎನಿಸಿಕೊಂಡ ಹೆಣ್ಣಿನ ಬಾಳು ಏನಾಗುತ್ತದೆಂದು ನಮ್ಮೂರಲ್ಲಿ ಕಣ್ಣಾರೆ ಕಂಡಿದ್ದೆ. ಹಬ್ಬಕ್ಕೆ ಕರೆಯುವುದಿಲ್ಲ, ಬಸುರಿಯ ಹತ್ತಿರ ಬಿಡುವುದಿಲ್ಲ, ಹಾಲು ಒಡೆದರೂ ಅವಳ ಕಡೆಗೇ ನೋಡುತ್ತಾರೆ. ಮಾವ ಬದುಕಲಿ ಎಂದು ಆ ದಿನಗಳಲ್ಲಿ ನಾನು ಕೈಮುಗಿದದ್ದು ಅವರ ಮೇಲಿನ ಪ್ರೀತಿಯಿಂದಲ್ಲ, ನನ್ನ ತಲೆ ಉಳಿಸಿಕೊಳ್ಳುವುದಕ್ಕೆ. ಇದನ್ನು ಈಗ ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಎದೆನೋವು ಬಂದ ದಿನ ಮಧ್ಯಾಹ್ನ ಮಾವ ಎರಡು ಮುದ್ದೆ, ಉಪ್ಪುಸಾರು, ಪಕ್ಕದಲ್ಲಿ ಒಂದು ಚಿಟಿಕೆ ಹರಳುಪ್ಪು, ಮೇಲೆ ನಾಲ್ಕು ಕರಿದ ಉಪ್ಪು ಮೆಣಸಿನಕಾಯಿ ಮುಗಿಸಿ, ಜಗಲಿಯಲ್ಲಿ ಕೂತು ಎಲೆಗೆ ಸುಣ್ಣ ಸವರುತ್ತಿದ್ದರು. ಎಲೆ ಕೈಯಿಂದ ಜಾರಿತು. ಮೈಯೆಲ್ಲ ಬೆವತು, ಎದೆಯ ಮೇಲೆ ಅಂಗೈ ಒತ್ತಿಕೊಂಡು, "ಯಾರೋ ಕಲ್ಲು ಹೇರಿದಂಗಿದೆ" ಎಂದರು. ತರಕಾರಿ ತುಂಬಿಕೊಂಡು ಹೋಗುತ್ತಿದ್ದ ಲಾರಿಯಲ್ಲೇ ಅವರನ್ನು ಚಿಕ್ಕಬಳ್ಳಾಪುರಕ್ಕೆ ಸಾಗಿಸಿದರು. ನನ್ನ ಗಂಡನಿಗೆ ಅಲ್ಲೇ ಗುಮಾಸ್ತೆ ಕೆಲಸ, ಒಂದು ಬಾಡಿಗೆ ಕೋಣೆಯೂ ಇತ್ತು. ರೋಗಿಗೆ ಗಂಜಿ ಬೇಯಿಸಲು ನನ್ನನ್ನು ಕಳಿಸಿದರು.

ಅಲ್ಲಿನ ಡಾಕ್ಟರು ವಯಸ್ಸಾದವರು, ಮಾತು ಕಡಿಮೆ. ಮನೆಗೆ ಕಳಿಸುವ ದಿನ ನನ್ನನ್ನು ಕರೆದು, "ಮನೇಲಿ ಅಡುಗೆ ಯಾರಮ್ಮ ಮಾಡೋದು?" ಎಂದರು. ಅಡುಗೆಮನೆ ಅತ್ತೆಯದು, ನಾನು ಅಲ್ಲಿ ಬೆಂಕಿ ಊದುವವಳು. ಆದರೂ "ನಾನೇ" ಎಂದುಬಿಟ್ಟೆ.

"ಹಂಗಾದ್ರೆ ಕೇಳಮ್ಮ. ಒಂದು ತಿಂಗಳು ಸುಮ್ನೆ ಮಲಗಿರ್ಲಿ. ಆಮೇಲೆ ದಿನಾ ನಡೀಬೇಕು, ಮೊದಲು ಬೀದಿ ಕೊನೇವರೆಗೆ, ಆಮೇಲೆ ಇನ್ನೂ ದೂರ. ಉಪ್ಪು, ತುಪ್ಪ, ಕರಿದಿದ್ದು ಕಡಿಮೆ. ಸೊಪ್ಪು, ಕಾಳು ತಿನ್ಲಿ. ಕೂಗಾಡೋದು ಬೇಡ. ಹೊಗೆಸೊಪ್ಪು ಮಾತ್ರ ಪೂರ್ತಿ ಬಿಡ್ಬೇಕು. ಬಿಡದಿದ್ರೆ ಮುಂದಿನ ಸಲ ಲಾರಿ ಹುಡುಕೋಕೂ ನಿಮಗೆ ಟೈಮ್ ಸಿಗಲ್ಲ."

ಊರಿಗೆ ಬಂದರೆ ನೆಂಟರೆಲ್ಲ ತುಪ್ಪದ ಡಬ್ಬಿ ಹಿಡಿದೇ ಕಾದಿದ್ದರು. ಗುಂಡಿಗೆ ಸೋತಿದೆ, ಶಕ್ತಿ ಬರಬೇಕು ಅಂದರೆ ತುಪ್ಪ ಸುರಿಯಬೇಕು ಎಂಬುದು ಎಲ್ಲರ ತೀರ್ಮಾನ. ಒಬ್ಬರಂತೂ ಕುರಿಕಾಲಿನ ಸೂಪನ್ನೇ ಹೊತ್ತು ತಂದರು. ಬೇಡ ಎಂದಿದ್ದಕ್ಕೆ, "ಮಾವನಿಗೆ ಒಂದು ತೊಟ್ಟು ತುಪ್ಪ ಹಾಕೋಕೂ ಕೈ ಬರಲ್ಲ ಇವಳಿಗೆ" ಎಂಬ ಹೆಸರು ಬಂತು. ಬರಲಿ ಎಂದುಕೊಂಡೆ. ಅತ್ತೆ ಆ ಒಂದು ವಿಷಯದಲ್ಲಿ ನನ್ನ ಪಕ್ಷ ವಹಿಸಿದರು. ಮಾವನಿಗೆ ಬೇರೆ ಪಾತ್ರೆಯಲ್ಲಿ ಸಾರು ಮಾಡಿ, ಉಪ್ಪಿನ ಬದಲು ನಿಂಬೆಹಣ್ಣು ಹಿಂಡುತ್ತಿದ್ದೆವು. ಮೊದಲ ದಿನ ಅವರು ತಟ್ಟೆ ತಳ್ಳಿ, "ಇದನ್ನ ಎಮ್ಮೆಗೆ ಹಾಕು, ಅದೂ ಮೂಸಲ್ಲ" ಎಂದರು. ಮೂರನೆಯ ದಿನ ಹಸಿವು ಗೆದ್ದಿತು.

ಹೊಗೆಸೊಪ್ಪು ಮಾತ್ರ ಯಾರ ಕೈಗೂ ಬಗ್ಗಲಿಲ್ಲ. ಹಾಸಿಗೆಯಿಂದ ಎದ್ದು ಜಗಲಿಗೆ ಬರುವಷ್ಟಾದ ಮೊದಲ ದಿನವೇ ಅವರ ದವಡೆ ಉಬ್ಬಿತ್ತು. ಜಗಲಿಯ ಗೋಡೆಯ ಮಾಡದಲ್ಲಿ ಕಾಗದ ಸುತ್ತಿದ ಕಟ್ಟು ಇರುತ್ತಿತ್ತು. ಅತ್ತೆ ಅತ್ತರು, ಮಗ ಬೇಡಿಕೊಂಡ. "ನಲವತ್ತು ವರ್ಷದ ಜೊತೆ ಅದು. ಸತ್ರೆ ಸಾಯ್ತೀನಿ ಬಿಡ್ರಪ್ಪ" ಎಂದರು. ನೀವು ಸತ್ತರೆ ನಿಮಗೇನು, ಬದುಕಿ ಅನುಭವಿಸುವವಳು ನಾನು ಎಂದು ಒಲೆಯ ಮುಂದೆ ಕೂತು ಗೊಣಗಿಕೊಂಡೆ.

ಆ ಮನೆಯ ಹಿಂಭಾಗದಲ್ಲಿ ಹುಳು ಮನೆ. ರೇಷ್ಮೆ ಹುಳುವಿನ ಬಿದಿರು ತಟ್ಟೆಗಳು ಸೂರಿನವರೆಗೆ ಸಾಲಾಗಿ ನಿಂತಿದ್ದವು. ಅದರ ಹೊಸ್ತಿಲನ್ನು ಮಾವ ದಾಟುತ್ತಿರಲಿಲ್ಲ. ಹೊಗೆಸೊಪ್ಪು ಹಾಕುವವರು ಅಲ್ಲಿಗೆ ಹೋಗುವಂತಿಲ್ಲ, ಹುಳುವಿಗೆ ಹಾಕುವ ಹಿಪ್ಪುನೇರಳೆ ಸೊಪ್ಪಿನ ಬುಟ್ಟಿ ಮುಟ್ಟುವಂತಿಲ್ಲ ಎಂದು ಬಂದ ದಿನವೇ ನನಗೂ ಹೇಳಿದ್ದರು. ಯಾಕೆ ಎಂದು ಹೇಳಲಿಲ್ಲ. ಗೊತ್ತಿಲ್ಲದವರೂ ಇರುತ್ತಾರೆ ಎಂಬುದೇ ಅವರಿಗೆ ಹೊಳೆದಿರಲಿಲ್ಲ. ನನ್ನ ತವರು ವಿದುರಾಶ್ವತ್ಥದ ಕಡೆ. ರಾಗಿ, ಕಡಲೆಕಾಯಿ ಬಿಟ್ಟರೆ ನನಗೇನು ಗೊತ್ತು? ಇದೂ ಒಂದು ಮಡಿ ಇರಬೇಕು ಎಂದುಕೊಂಡೆ.

ಹಾಗಾಗಿ ಒಂದು ಬೆಳಗ್ಗೆ, ಮಾವ ಸ್ನಾನಕ್ಕೆ ಹೋದಾಗ, ಮಾಡದಲ್ಲಿದ್ದ ಹೊಗೆಸೊಪ್ಪಿನ ಕಟ್ಟನ್ನು ಎತ್ತಿಕೊಂಡು ಹೋಗಿ, ಅವರು ಎಂದೂ ಕೈ ಹಾಕದ ಜಾಗದಲ್ಲೇ ಬಚ್ಚಿಟ್ಟೆ: ಹುಳು ಮನೆಯ ಬಾಗಿಲ ಬಳಿ ಒದ್ದೆ ಗೋಣಿ ಹೊದಿಸಿದ್ದ ಸೊಪ್ಪಿನ ಬುಟ್ಟಿಯ ತಳದಲ್ಲಿ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ. ಮಾವ ಮಾಡ ತಡಕಿದರು, ಹಾಸಿಗೆ ಒದರಿದರು, ಆಳಿನ ಮೇಲೆ ಹರಿಹಾಯ್ದರು.

ಹುಳು ಆಗ ನಾಲ್ಕನೇ ಜ್ವರ ಕಳೆದು ಎದ್ದಿದ್ದವು. ಪೊರೆ ಬಿಡಲು ಮೇವು ಬಿಟ್ಟು ಕೂರುವುದಕ್ಕೆ ಅಲ್ಲಿ ಜ್ವರ ಅನ್ನುತ್ತಾರೆ. ಅದರಿಂದ ಎದ್ದ ಮೇಲೆ ಹುಳುವಿಗೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಮರುದಿನ ಬೆಳಗ್ಗೆ ಬುಟ್ಟಿಯ ತಳದಲ್ಲಿ ಉಳಿದಿದ್ದ ಸೊಪ್ಪನ್ನೇ ಮೊದಲು ಬಾಚಿ ಅತ್ತೆ ನಾಲ್ಕು ತಟ್ಟೆಗೆ ಹಾಕಿದರು. ನಸುಗತ್ತಲಲ್ಲಿ, ಆ ಆತುರದಲ್ಲಿ ಕಟ್ಟು ಅವರ ಕಣ್ಣಿಗೆ ಬೀಳಲಿಲ್ಲ. ಸ್ವಲ್ಪ ಹೊತ್ತಿಗೆ ಅವರ ಕೂಗು ಕೇಳಿ ಓಡಿದೆ. ಹುಳುಗಳು ತಲೆ ಎತ್ತಿ, ಮೈ ಮುರಿದು, ಹಸಿರು ನೀರು ಕಾರುತ್ತಿದ್ದವು. ನಮ್ಮ ಕಣ್ಣೆದುರೇ ಒಂದೊಂದೇ ಸೆಟೆದುಕೊಂಡವು.

ಹುಳು ಹಣ್ಣಾಗಿ ಗೂಡು ಕಟ್ಟುವ ಕಾಲಕ್ಕೆ ನೆರವಾಗಲು ಬಂದಿದ್ದ ಅತ್ತೆಯ ಅಕ್ಕ ಎದೆ ಬಡಿದುಕೊಂಡರು. "ಅಯ್ಯೋ ದೇವುಡಾ, ಹೊಗೆಸೊಪ್ಪಿನ ವಿಷ ಇದು! ಮೊದಲು ಮನೆ ಯಜಮಾನ ಮಲಗಿದ, ಈಗ ಹುಳ. ಇನ್ನೂ ಏನೇನು ನೋಡ್ಬೇಕೋ ಇವಳು ಬಂದ ಮೇಲೆ!"

ಹೊಗೆಸೊಪ್ಪು ಎಂಬ ಪದ ಕಿವಿಗೆ ಬಿದ್ದೊಡನೆ ನನಗೆ ಎಲ್ಲ ಅರ್ಥವಾಯಿತು. ಮಡಿಯಲ್ಲ, ವಿಷ! ನಾನು ಬಾಗಿಲ ಹೊರಗೆ ಬುಟ್ಟಿಯ ಪಕ್ಕವೇ ನಿಂತಿದ್ದೆ. ಹೇಳಲೋ ಬಿಡಲೋ ಎಂದು ತಲೆ ಎತ್ತಿದರೆ, ಕೂಗು ಕೇಳಿ ಗೋಡೆ ಹಿಡಿದುಕೊಂಡು ಬಂದ ಮಾವ ಎದುರಿಗೇ ಇದ್ದರು. ನನ್ನ ಮುಖ ನೋಡಿದರು. ನಾನು ನೋಡುತ್ತಿದ್ದ ಬುಟ್ಟಿಯನ್ನು ನೋಡಿದರು. ಬಗ್ಗಿ, ಎರಡು ಎಲೆ ಸರಿಸಿ, ನೆಂದು ಕಂದಾಗಿದ್ದ ತಮ್ಮ ಕಟ್ಟನ್ನು ತೆಗೆದು ಸೊಂಟದಲ್ಲಿ ಸಿಕ್ಕಿಸಿಕೊಂಡರು. ಒಳಗಿದ್ದ ಇಬ್ಬರೂ ತಟ್ಟೆಗಳ ಮೇಲೆ ಬಗ್ಗಿದ್ದರು. ಕಂಡವಳು ನಾನೊಬ್ಬಳೇ.

ಆಮೇಲೆ ಹೊಸ್ತಿಲ ಈಚೆಯೇ ನಿಂತು ಹೇಳಿದರು: "ಅವಳನ್ನ್ಯಾಕೆ ಅಂತೀರ? ನಾನೇ ಕಣೇ. ನೆನ್ನೆ ಸಂಜೆ ಕಟ್ಟು ಸಿಕ್ತು, ಹಾಕ್ಕೊಂಡೆ. ಗೋಣಿ ಜಾರಿತ್ತು, ಸರಿಮಾಡೋಣ ಅಂತ ಎಲೆ ಅಡಿಕೆ ಕೈಯಲ್ಲೇ ಸೊಪ್ಪು ಮುಟ್ಟಿಬಿಟ್ಟೆ."

ಅತ್ತೆ ಗಂಡನಿಗೆ ಎದುರಾಡಿದ್ದನ್ನು ನಾನು ಕಂಡದ್ದು ಅಂದೇ. ಮೂವತ್ತು ವರ್ಷ ಕೂಡಿಟ್ಟಿದ್ದನ್ನೆಲ್ಲ ಒಂದೇ ಉಸಿರಿಗೆ ಆಡಿದರು. ಮಾವ ತಲೆ ತಗ್ಗಿಸಿ ಕೇಳಿ, ಕೊನೆಗೆ ಕಟ್ಟನ್ನು ಹೊರಗೆ ತೆಗೆದು, "ಇವತ್ತಿಗೆ ಮುಗೀತು. ಇನ್ನು ಮುಟ್ಟಲ್ಲ" ಎಂದರು. ಒಲೆಗೆ ಹಾಕಿದರೆ ಹೊಗೆಗೆ ಉಳಿದ ಹುಳುಗಳೂ ಹೋಗುತ್ತವೆಂದು, ತಾವೇ ಹೊಲದ ಬದುವಿನವರೆಗೆ ನಡೆದು ಹೂತುಬಂದರು. ಎದೆನೋವು ಬಂದ ಮೇಲೆ ಅವರು ಮನೆ ಬಿಟ್ಟು ಅಷ್ಟು ದೂರ ನಡೆದದ್ದು ಅದೇ ಮೊದಲು. ತಂಬಿಗೆಯಲ್ಲಿ ನೀರು ಹಿಡಿದು ನಾನು ಹಿಂದೆಯೇ ಹೋದೆ, ಅವರ ಒಂದೊಂದು ಉಸಿರನ್ನೂ ಎಣಿಸುತ್ತ.

ಆಮೇಲಿನ ಒಂದು ವಾರ ಅವರ ಹತ್ತಿರ ಯಾರೂ ಸುಳಿಯುವಂತಿರಲಿಲ್ಲ. ಎಲ್ಲದಕ್ಕೂ ಸಿಡುಕು. ಬಾಯಾಡಿಸಲು ಹುರಿಗಡಲೆ ಇಟ್ಟೆ, ಏಲಕ್ಕಿ ಇಟ್ಟೆ. ಸಿಡುಕು ಇಳಿದ ಮೇಲೆ ಒಂದು ಬೆಳಗ್ಗೆ ಸ್ನಾನ ಮಾಡಿ ಬಂದು ಹುಳು ಮನೆಯ ಬಾಗಿಲಲ್ಲಿ ನಿಂತರು. ಅತ್ತೆ ಮೇಷ್ಟರ ಹಾಗೆ "ಬಾಯಿ ತೋರಿಸಿ" ಎಂದು ಮೂಸಿ ನೋಡಿ ಒಳಗೆ ಬಿಟ್ಟರು. ಹುಟ್ಟಿದ ಮನೆಯಲ್ಲೇ ಅವರು ಆ ಕೋಣೆಗೆ ಕಾಲಿಟ್ಟು ನಲವತ್ತು ವರ್ಷವಾಗಿತ್ತು. ಹುಳು ಗೂಡು ಕಟ್ಟುವುದನ್ನು ಮಗುವಿನ ಹಾಗೆ ಕೂತು ನೋಡಿದರು. ಅಂದಿನಿಂದ ಸೊಪ್ಪಿನ ಉಸ್ತುವಾರಿ ಅವರದೇ ಆಯಿತು. ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ತೋಟಕ್ಕೆ ನಡೆದುಹೋಗಿ, ಎಳೆಯದು ಯಾವುದು, ಬಲಿತದ್ದು ಯಾವುದು ಎಂದು ನಿಂತು ಕೊಯ್ಯಿಸುತ್ತಿದ್ದರು. ಡಾಕ್ಟರು ಹೇಳಿದ ನಡಿಗೆ ಹೀಗೆ ಕೆಲಸದ ನೆಪದಲ್ಲಿ ನಡೆದುಹೋಯಿತು. ಹುಳುವಿನ ಹತ್ತಿರ ಗದ್ದಲವಾಗಬಾರದೆಂದು ಕೂಗಾಟವೂ ತಗ್ಗಿತು. ಸಪ್ಪೆ ಸಾರಿಗೆ ನಾಲಿಗೆ ಎಷ್ಟು ಹೊಂದಿಕೊಂಡಿತೆಂದರೆ, ಮದುವೆ ಮನೆಯಲ್ಲಿ ಉಂಡು ಬಂದು, "ಏನಮ್ಮ ಅದು, ಉಪ್ಪಿನ ಮೂಟೇನೇ ಸುರಿದವ್ರೆ" ಎಂದು ದೂರಿದರು.

ವರ್ಷ ತುಂಬಿದ ಮೇಲೆ ಮತ್ತೆ ಚಿಕ್ಕಬಳ್ಳಾಪುರಕ್ಕೆ ಕರೆದುಕೊಂಡು ಹೋದೆ. ಡಾಕ್ಟರು ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿದರು. ಕೊನೆಗೆ ಕೊಳವೆ ಕಿವಿಯಿಂದ ತೆಗೆದು, "ಚೆನ್ನಾಗಿದೀರಿ ಯಜಮಾನ್ರೆ. ಹಿಂಗೇ ಇರಿ" ಎಂದರು. ಮತ್ತೆ ನನ್ನ ಕಡೆ ತಿರುಗಿ, "ಹೊಗೆಸೊಪ್ಪು ಹೆಂಗಮ್ಮ ಬಿಡಿಸಿದೆ?" ಎಂದರು. ಮಾವ ಅಂಗಿ ಗುಂಡಿ ಹಾಕಿಕೊಳ್ಳುತ್ತ, "ನಮ್ಮನೇಲಿ ಹುಳು ಸಾಕ್ತೀವಿ ಸ್ವಾಮಿ, ಅದಕ್ಕಾಗಲ್ಲ" ಎಂದಷ್ಟೇ ಹೇಳಿದರು.

ಬಸ್ ಸ್ಟ್ಯಾಂಡಿನತ್ತ ನಡೆಯುವಾಗ ನನಗೆ ತಡೆಯಲಾಗಲಿಲ್ಲ. ವರ್ಷದಿಂದ ಎದೆಯಲ್ಲಿ ಹೊತ್ತಿದ್ದನ್ನು ಬೀದಿಯಲ್ಲೇ ಇಳಿಸಿದೆ. "ಮಾವ, ಆವತ್ತು ಬುಟ್ಟಿಗೆ ಹಾಕಿದ್ದು ನಾನು. ನೀವು ಯಾಕೆ ನಿಮ್ಮ ಮೇಲೆ ಹಾಕ್ಕೊಂಡ್ರಿ?"

ಅವರು ನಿಲ್ಲಲಿಲ್ಲ. ನಡೆಯುತ್ತಲೇ ಹೇಳಿದರು: "ನನ್ನ ಮೇಲೆ ಬಂದ್ರೆ ಅದು ಒಂದು ದಿನದ ಬೈಗುಳ ಕಣಮ್ಮ. ನಿನ್ನ ಮೇಲೆ ಬಂದಿದ್ರೆ ಜೀವಮಾನವೆಲ್ಲ ಹೊರಬೇಕಿತ್ತು. ಮಲಗಿದ್ದಾಗ ಅವರಾಡ್ತಿದ್ದ ಕಾಲ್ಗುಣದ ಮಾತು ನನ್ನ ಕಿವಿಗೂ ಬೀಳ್ತಿತ್ತು." ನಾಲ್ಕು ಹೆಜ್ಜೆ ಹೋಗಿ ಮತ್ತೆ, "ಆಮೇಲೆ ಯೋಚನೆ ಬಂತು. ನಾನು ಹೊಗೆಸೊಪ್ಪು ಹಾಕ್ಕೊಂಡು ಸತ್ರೂ ನಿನ್ನ ತಲೆಗೇ ತಾನೆ ಕಟ್ಟೋದು? ಅದಕ್ಕೇ ಬಿಟ್ಟೆ" ಎಂದರು.

ನಾನು ಬೀದಿಯೆಂಬುದನ್ನೂ ಮರೆತು ಅತ್ತುಬಿಟ್ಟೆ. ನನ್ನ ತಲೆ ಉಳಿಸಿಕೊಳ್ಳಲು ನಾನು ಅವರನ್ನು ಕಾಯುತ್ತಿದ್ದೆ. ನನ್ನ ತಲೆ ಉಳಿಸಲೆಂದೇ ಅವರು ತಮ್ಮನ್ನು ಕಾಯ್ದುಕೊಂಡಿದ್ದರು. "ಬೇಗ ನಡಿಯಮ್ಮ, ಸಂಜೆ ಸೊಪ್ಪಿಗೆ ಹೊತ್ತಾಗುತ್ತೆ" ಎಂದು ಅವರು ಬಿರಬಿರನೆ ಮುಂದೆ ಹೋದರು. ಸೆರಗಿನಿಂದ ಕಣ್ಣೊರೆಸಿಕೊಂಡು ನಾನು ಹಿಂದೆ ಓಡಿದೆ. ಬಸ್ ಹತ್ತಿ ಕೂತಾಗ ಏದುಸಿರು ಬಿಡುತ್ತಿದ್ದವಳು ನಾನು. ಅವರ ಉಸಿರು ಎಣಿಸುವುದನ್ನು ಅಂದು ಮೊದಲ ಸಲ ಮರೆತಿದ್ದೆ.