ಕಾಗದದ ಮಾಸ್ಟ್ರು

ಅವರ ಬಲಗೈಯ ಕಿರುಬೆರಳಿನ ಉಗುರು ಉಳಿದೆಲ್ಲ ಉಗುರುಗಳಿಗಿಂತ ಒಂದು ಇಂಚು ಮುಂದಿತ್ತು. ಬೆಳೆಸಿ, ಉಜ್ಜಿ, ತುದಿಯನ್ನು ಚೂಪು ಮಾಡಿ ಇಟ್ಟುಕೊಂಡಿದ್ದರು. ಕಂಪ್ಯೂಟರಿನ ಪರದೆಯಲ್ಲಿ ತಪ್ಪು ಕಂಡರೆ ಬೆರಳಿನಿಂದ ತೋರಿಸುವುದಿಲ್ಲ, ಆ ಉಗುರಿನಿಂದ ಟಕ್ ಟಕ್ ಎಂದು ಕುಟ್ಟುವುದು. ಪರದೆಯ ನಡುಭಾಗವೆಲ್ಲ ಗೀಚಿ ಗೀಚಿ ಮಂಜಾಗಿತ್ತು. ಅದೇ ಉಗುರಿನಿಂದ ಕಿವಿ ಕೆರೆಯುವುದು, ಅದೇ ಉಗುರಿನಿಂದ ವೀಳ್ಯದೆಲೆಗೆ ಸುಣ್ಣ ಹಚ್ಚುವುದು. ನೋಡಿದರೇ ನನಗೆ ಮೈ ಉರಿಯುತ್ತಿತ್ತು.

ಸತ್ತವರ ಬಗ್ಗೆ ಒಳ್ಳೆಯದನ್ನೇ ಹೇಳಬೇಕು ಎನ್ನುತ್ತಾರೆ. ನನ್ನಿಂದಾದಷ್ಟು ಪ್ರಯತ್ನಿಸುತ್ತೇನೆ. ಹೆಚ್ಚು ನಿರೀಕ್ಷೆ ಇಟ್ಟುಕೊಳ್ಳಬೇಡಿ.

ನಮ್ಮ ಕಡೆ ಮದುವೆ, ಗೃಹಪ್ರವೇಶ, ಸತ್ತವರ ಉತ್ತರಕ್ರಿಯೆಯ ಬೊಜ್ಜ ಯಾವುದರ ಆಮಂತ್ರಣ ಪತ್ರಿಕೆಗಾದರೂ ‘ಕಾಗದ’ ಎಂದೇ ಹೇಳುವುದು. ಸುಳ್ಯ ಪೇಟೆಯಲ್ಲಿ ಮಾಳಿಗೆಯ ಮೇಲೆ ಅವರದೊಂದು ಡಿಟಿಪಿ ಅಂಗಡಿ. ಅರ್ಧ ತಾಲೂಕಿನ ಕಾಗದಗಳು ಅಲ್ಲೇ ತಯಾರಾಗುತ್ತಿದ್ದವು. ಹಾಗಾಗಿ ಎಲ್ಲರೂ ಅವರನ್ನು ಕಾಗದದ ಮಾಸ್ಟ್ರು ಎನ್ನುತ್ತಿದ್ದರು. ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಮಾಸ್ಟ್ರ ಗತ್ತು ಮಾತ್ರ ಹುಟ್ಟಿನಿಂದಲೇ ಬಂದಿತ್ತು.

ಅವರ ವಿದ್ಯೆ ಇಷ್ಟೇ: ಯಾರ ಹೆಸರು ಮೇಲೆ, ಯಾರದ್ದು ಕೆಳಗೆ, ಯಾರದ್ದು ದಪ್ಪ ಅಕ್ಷರದಲ್ಲಿ. ಸೋದರಮಾವನ ಹೆಸರು ಚಿಕ್ಕಪ್ಪನ ಹೆಸರಿಗಿಂತ ಕೆಳಗೆ ಹೋದದ್ದಕ್ಕೆ ನಿಂತುಹೋದ ಮಾತುಕತೆಗಳ ಕಥೆ ಅವರ ಬಾಯಲ್ಲಿ ಬೇಕಾದಷ್ಟಿತ್ತು. ಅದನ್ನು ಮಹಾ ಶಾಸ್ತ್ರದಂತೆ ಹೇಳುವರು. ಬೇರೆ ಅಂಗಡಿಯಲ್ಲಿ ಮಾಡಿಸಿದ ಕಾಗದ ಕೈಗೆ ಸಿಕ್ಕರೆ ಎರಡು ಬೆರಳಲ್ಲಿ ಎತ್ತಿ ಹಿಡಿದು, ‘ಇದನ್ನು ಯಾರು ಮಾಡಿದ್ದು? ಎಮ್ಮೆ ಮೇಯಿಸುವವನಾ?’ ಎಂದು ಕೇಳಿ ಕೆಳಗೆ ಬಿಡುವರು. ಅವರ ದೃಷ್ಟಿಯಲ್ಲಿ ಲೋಕದಲ್ಲಿ ಸರಿಯಾಗಿ ಕೆಲಸ ಮಾಡುವ ಮನುಷ್ಯ ಒಬ್ಬನೇ ಇದ್ದ. ಅವನು ಯಾರೆಂದು ನಾನು ಹೇಳಬೇಕಾಗಿಲ್ಲ.

ಆಮೇಲೆ ಜನ ಮೊಬೈಲಿನಲ್ಲೇ ಕರೆಯೋಲೆ ಕಳಿಸಲು ಶುರುಮಾಡಿದರು. ಕಾಗದದ ಕೆಲಸ ಇಳಿಯಿತು. ಮಾಸ್ಟ್ರು ಬಾಗಿಲಲ್ಲಿ ಹೊಸ ಬೋರ್ಡು ತೂಗುಹಾಕಿದರು: ‘ಇಲ್ಲಿ ವೆಬ್ ಪೇಜ್ ಮಾಡಲು ಕಲಿಸಲಾಗುವುದು.’ ಬಾವಿಯಲ್ಲಿ ಈಜಿದವನು ಕಡಲಿನಲ್ಲಿ ಈಜು ಕಲಿಸಲು ಹೊರಟ ಹಾಗೆ. ಆ ಬೋರ್ಡನ್ನು ನಂಬಿ ಮೆಟ್ಟಲು ಹತ್ತಿದವಳು ನಾನು.

ನಾನು ಕೊಲ್ಲಮೊಗ್ರಿನವಳು. ಮನೆಯ ಹಿಂದೆ ಸಣ್ಣ ಹಳ್ಳದಂಥ ತೋಡು, ತೋಡು ದಾಟಿದರೆ ಕಾಡು. ಅಲ್ಲಿಯ ಕಪ್ಪೆಗಳ ಫೋಟೊ ತೆಗೆಯುತ್ತೇನೆ. ಊರವರು ಅದನ್ನು ಹುಚ್ಚು ಎನ್ನುತ್ತಾರೆ, ನಾನು ಕೆಲಸ ಎನ್ನುತ್ತೇನೆ. ಒಮ್ಮೆ ಪುತ್ತೂರಿಗೆ ಹೋದಾಗ ಒಂದು ಪರಿಸರ ಕಾರ್ಯಕ್ರಮದ ಬ್ಯಾನರಿನಲ್ಲಿ ನನ್ನ ಮರಗಪ್ಪೆ ಕೂತಿತ್ತು. ಒದ್ದೆ ಎಲೆಯ ಮೇಲೆ ಅದು ಕಣ್ಣು ತೆರೆಯುವುದನ್ನು ಕಾದು ಕಾದು ತೆಗೆದ ಚಿತ್ರ ಅದು. ಕೆಳಗೆ ಯಾರೋ ಗಂಡಸಿನ ಹೆಸರು. ಹುಡುಕಿ ಹೋಗಿ ಕೇಳಿದರೆ ಆ ಪುಣ್ಯಾತ್ಮ ನಕ್ಕು, ‘ಅದು ವಾಟ್ಸಾಪಲ್ಲಿ ಬಂದದ್ದಲ್ವಾ ಅಕ್ಕ, ಕಪ್ಪೆಗೆಲ್ಲ ಯಜಮಾನ ಉಂಟಾ?’ ಎಂದ. ಬಸ್ಸಿನಲ್ಲಿ ಮನೆಗೆ ಬರುವಾಗ ದಾರಿಯುದ್ದಕ್ಕೂ ಅತ್ತೆ.

ಹಾಗಿರುವಾಗ ಮೈಸೂರಿನಿಂದ ಒಬ್ಬ ಹೆಂಗಸಿನ ಫೋನು ಬಂತು. ಹೆಂಗಸರು ತೆಗೆದ ಕಾಡುಜೀವಿಗಳ ಚಿತ್ರಗಳದ್ದೊಂದು ಪ್ರದರ್ಶನ ಮಾಡುವವರಿದ್ದರು. ‘ನಿಮ್ಮದೇ ಒಂದು ವೆಬ್ ಪುಟ ಇದ್ದರೆ ಕಳಿಸಿ. ಚಿತ್ರದ ಕೆಳಗೆ ಕನ್ನಡದಲ್ಲಿ ನಿಮ್ಮ ಮಾತು ಎರಡು ಸಾಲು ಇರಲಿ. ಆಯ್ಕೆ ಮಾಡುವವರು ಅದನ್ನೇ ನೋಡುವುದು,’ ಎಂದರು. ನನ್ನ ಕಪ್ಪೆಗಳು ನನ್ನ ಹೆಸರಿನಲ್ಲಿ ಗೋಡೆಗೆ ಏರಬಹುದು ಎಂದು ಮೊದಲ ಸಲ ಅನಿಸಿತು. ಮರುದಿನವೇ ಸುಳ್ಯದ ಬಸ್ಸು ಹತ್ತಿದೆ.

ಕಲಿಸುವುದು ಎಂದರೆ ಮಾಸ್ಟ್ರಿಗೆ ಬೈಯುವುದು. ‘ತೆರೆದದ್ದನ್ನು ಮುಚ್ಚಬೇಕು ಮಾರಾಯ್ರೆ. ನಿಮ್ಮ ಮನೆಯ ಗೇಟು ಹೀಗೇ ತೆರೆದು ಹಾಕಿ ಬರುದಾ ನೀವು?’ ಎಂದು ಉಗುರು ಕುಟ್ಟುವರು. ಪುಟದಲ್ಲಿ ಹಾಕುವ ಪ್ರತಿ ಗುರುತಿಗೂ ಒಂದು ಶುರು, ಒಂದು ಕೊನೆ ಇರಬೇಕು ಎಂಬುದನ್ನು ಹಾಗೆ ಕಲಿತೆ. ಚಿತ್ರ ಕಾಣದೆ ಹೋದರೆ, ‘ಫೈಲಿನ ಹೆಸರು ಒಂದು, ಇಲ್ಲಿ ಬರೆದದ್ದು ಇನ್ನೊಂದು. ಕಪ್ಪೆಗೆ ದಾರಿ ಗೊತ್ತಾಗುದು ಹೇಗೆ?’ ಒಳ್ಳೆಯ ಮಾತು ಒಂದು ದಿನವೂ ಬರಲಿಲ್ಲ. ನನ್ನ ಮೊದಲ ಕಪ್ಪೆ ಪರದೆಯ ಮೇಲೆ ಮೂಡಿದಾಗ ನಾನು ಸಂತೋಷದಿಂದ ಕೂಗಿಯೇಬಿಟ್ಟೆ. ಅವರು ಎಲೆಗೆ ಸುಣ್ಣ ಹಚ್ಚುತ್ತಾ, ‘ಸರಿ, ಬಂತಲ್ಲ. ಇನ್ನು ಅದನ್ನು ನೋಡುವ ಹಾಗೆ ಮಾಡುವ,’ ಎಂದರು.

ನನ್ನ ಪುಟ ಬಿಳಿಯಾಗಿತ್ತು. ಬಿಳಿಯ ಮೇಲೆ ಚಿತ್ರ, ಕೆಳಗೆ ಕಪ್ಪು ಅಕ್ಷರ. ನನಗೆ ಬೇಕಾದದ್ದೂ ಅದೇ. ಮಾಸ್ಟ್ರು ನೋಡಿ ಮುಖ ಕಿವುಚಿದರು.

‘ಇದೆಂತ, ಬೊಜ್ಜದ ಕಾಗದವಾ?’

ಮರುವಾರ ಬರುವಷ್ಟರಲ್ಲಿ ಪುಟದ ತಲೆಯಲ್ಲಿ ಗಣಪತಿ ಬಂದಿದ್ದ. ಸುತ್ತ ಬಂಗಾರದ ಬಳ್ಳಿಯ ಅಂಚು, ಹಿಂದೆ ಅರಿಶಿನ ಬಣ್ಣ, ಎರಡು ಬದಿಗೆ ಎರಡು ಕಾಲುದೀಪ, ನಡುವೆ ನನ್ನ ಮರಗಪ್ಪೆ ಮದುಮಗನ ಹಾಗೆ ಕೂತಿತ್ತು. ಮೇಲೆ ‘ಸರ್ವರಿಗೂ ಆದರದ ಸ್ವಾಗತ’, ಕೆಳಗೆ ‘ತಮ್ಮ ಆಗಮನಾಭಿಲಾಷಿಗಳು’. ಇನ್ನು ಮುಹೂರ್ತ, ಊಟದ ಸಮಯ ಎರಡು ಹಾಕಿದ್ದರೆ ಜನ ಉಡುಗೊರೆ ಹಿಡಿದುಕೊಂಡು ಬರುತ್ತಿದ್ದರು. ಜೀವಮಾನವಿಡೀ ಒಂದೇ ವಸ್ತು ಮಾಡಿದ ಮನುಷ್ಯನ ಕೈಗೆ ಏನು ಕೊಟ್ಟರೂ ಅದೇ ಆಗುತ್ತದೆ. ದೀಪ ತೆಗೆಯಿರಿ ಎಂದೆ. ‘ದೀಪ ಇಲ್ಲದೆ ಶುಭಕಾರ್ಯ ಉಂಟಾ?’ ಎಂದರು. ಮೈಸೂರಿಗೆ ಕಳಿಸುವ ದಿನ ಹತ್ತಿರ ಬಂದಿತ್ತು. ಒಂದು ಕಪ್ಪೆಯ ಪುಟಕ್ಕಾಗಿ ಎಷ್ಟು ಜಗಳವಾಡುವುದು? ದೀಪ ಉಳಿಯಿತು.

ಜಗಳ ಇನ್ನೊಂದು ಜಾಗದಲ್ಲಿ ಆಯಿತು. ನಾನು ಪುಟದ ತುದಿಯಲ್ಲಿ, ಎಲ್ಲ ಮುಗಿದ ಮೇಲೆ, ‘ಚಿತ್ರಗಳು’ ಎಂದು ಬರೆದು ಮುಂದೆ ಸಣ್ಣಕ್ಕೆ ನನ್ನ ಹೆಸರು ಹಾಕಿದ್ದೆ. ಮಾಸ್ಟ್ರ ಉಗುರು ಅಲ್ಲಿಗೇ ಹೋಯಿತು.

‘ಇದು ಯಾರು? ಊಟ ಬಡಿಸುವವರಾ?’

‘ನಾನು,’ ಎಂದೆ.

‘ನೀವು ಅಂತ ಗೊತ್ತುಂಟು. ಮದುಮಗಳ ಹೆಸರನ್ನು ಯಾರಾದ್ರೂ ಕಾಗದದ ಬುಡದಲ್ಲಿ ಹಾಕ್ತಾರಾ? ನಿಮ್ಮ ಹೆಸರು ನೀವೇ ಅಡಗಿಸಿ ಇಟ್ಟರೆ ಬೇರೆಯವ ಬಂದು ಅವನದ್ದು ಹಾಕ್ತಾನೆ. ಹಾಕದೆ ಎಂತ ಮಾಡ್ತಾನೆ?’

ಬ್ಯಾನರಿನ ಕಥೆಯನ್ನು ನಾನು ಅವರಿಗೆ ಹೇಳಿಯೇ ಇರಲಿಲ್ಲ. ಅವರು ಕೇಳುವ ಜಾತಿಯೂ ಅಲ್ಲ. ನನ್ನ ಹೆಸರನ್ನು ಬುಡದಿಂದ ಎತ್ತಿ ಗಣಪತಿಯ ಕೆಳಗೆ, ಇಡೀ ಪುಟದಲ್ಲೇ ಅತಿ ದೊಡ್ಡ ಅಕ್ಷರದಲ್ಲಿ ಇಟ್ಟರು. ನನಗೆ ನಾಚಿಕೆಯಿಂದ ಮುಖ ಬಿಸಿಯಾಯಿತು.

ಸುದ್ದಿ ಮನೆಗೆ ಮುಟ್ಟಿತು. ನನ್ನ ಗಂಡನ ಅಣ್ಣ, ಅಂದರೆ ಭಾವನವರು, ಪೇಟೆಗೆ ಬಂದವರು ಅಂಗಡಿಗೇ ಬಂದರು. ಇಸ್ತ್ರಿ ಅಂಗಿ, ಕಿಸೆಯಲ್ಲಿ ಪೆನ್ನು. ಊರಿನ ಯಾವುದೇ ಕಾಗದದಲ್ಲಿ ತನ್ನ ಹೆಸರಿಲ್ಲದಿದ್ದರೆ ಆ ಸಮಾರಂಭಕ್ಕೇ ಹೋಗದ ಮನುಷ್ಯ. ಪರದೆಯನ್ನು ನೋಡಿ ಗಂಟಲು ಸರಿಮಾಡಿಕೊಂಡರು.

‘ಮೇಲೆ ಮನೆತನದ ಹೆಸರು ಬರ್ಲಿ ಮಾಸ್ಟ್ರೇ. ಮತ್ತೆ ನಮ್ಮ ಅಪ್ಪನ ಹೆಸರು. ನನ್ನದು ಮಾರ್ಗದರ್ಶನ ಅಂತ ಒಂದು ಬದಿಯಲ್ಲಿ ಸಾಕು. ಇವಳದ್ದು ಕೆಳಗೆ ಇರ್ಲಿ, ತೊಂದರೆ ಇಲ್ಲ.’

ಇಂಥ ಭಾವಂದಿರ ಮಾತನ್ನು ಕೇಳಿಯೇ ಮಾಸ್ಟ್ರ ಸಂಸಾರ ನಡೆದದ್ದು. ‘ಆಯ್ತು’ ಎನ್ನುತ್ತಾರೆ ಎಂದುಕೊಂಡೆ. ಅವರು ಕುರ್ಚಿ ತಿರುಗಿಸಿ ಭಾವನವರನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

‘ಕಪ್ಪೆಯ ಫೋಟೊ ತೆಗೆದದ್ದು ನೀವಾ?’

‘ಅಲ್ಲ...’

‘ತೋಡಿಗೆ ಇಳಿದದ್ದು?’

‘ಅದೆಲ್ಲ ಇವಳೇ...’

‘ಮತ್ತೆ ನಿಮಗೆಂತ ಕೆಲಸ ಇದರಲ್ಲಿ? ನಿಮ್ಮಂಥವರ ಹೆಸರು ಹಾಕಿ ಹಾಕಿ ನನ್ನ ಕೈ ಸೋತಿದೆ ಮಾರಾಯ್ರೆ. ಒಂದೇ ಒಂದು ಹೆಸರಿರುವ ಕಾಗದ ನಾನು ಇಷ್ಟರವರೆಗೆ ಮಾಡ್ಲಿಲ್ಲ. ಇದೊಂದು ಮಾಡ್ತೇನೆ. ಹೋಗಿ, ಹೊರಗೆ ಬಿಸಿಲು ಏರ್ತಾ ಉಂಟು.’

ಭಾವನವರು ಮೆಟ್ಟಲಿಳಿದು ಹೋದರು. ಅದೊಂದು ದಿನ ಆ ಉಗುರು ನನಗೆ ಅಸಹ್ಯವಾಗಿ ಕಾಣಲಿಲ್ಲ. ಇದಕ್ಕಿಂತ ಹೆಚ್ಚಿನ ಹೊಗಳಿಕೆ ನನ್ನಿಂದ ಸಾಧ್ಯವಿಲ್ಲ. ಯಾಕೆಂದರೆ ಮುಂದಿನ ವಾರವೇ ಅವರು ನನ್ನನ್ನು ಮುಳುಗಿಸಿದರು.

ಪುಟವನ್ನು ಇಂಟರ್ನೆಟ್ಟಿಗೆ ಏರಿಸಿದೆವು. ಅವರ ಪರದೆಯಲ್ಲಿ ಎಲ್ಲವೂ ಸ್ಪಷ್ಟ. ವಿಳಾಸವನ್ನು ಮೈಸೂರಿಗೆ ಕಳಿಸಿದೆ. ಸಂಜೆ ಆ ಹೆಂಗಸಿನ ಫೋನು ಬಂತು. ‘ಚಿತ್ರಗಳು ಚೆನ್ನಾಗಿವೆ. ಆದರೆ ಬರೆದದ್ದು ಒಂದಕ್ಷರವೂ ಓದಲು ಬರ್ತಾ ಇಲ್ಲ. ಕನ್ನಡವೇ ಅಲ್ಲ, ಎಂಥದೋ ಕೊಂಬು, ಚುಕ್ಕೆ ಇರುವ ಇಂಗ್ಲಿಷ್ ಅಕ್ಷರಗಳು. ನಿಮ್ಮ ಹೆಸರೂ ಹಾಗೇ ಕಾಣ್ತಿದೆ. ನಾಳೆ ಬೆಳಗ್ಗೆ ಆಯ್ಕೆಯವರು ಕೂರ್ತಾರೆ.’

ಬೆಳಗಾಗುತ್ತಲೇ ಮೊದಲ ಬಸ್ಸಿಗೆ ಓಡಿದೆ. ಮಾಸ್ಟ್ರು ಪರದೆಯನ್ನು ಕುಟ್ಟಿ, ‘ಇಲ್ಲಿ ಸರಿ ಉಂಟಲ್ಲ?’ ಎಂದರು.

ಇಲ್ಲಿ ಸರಿ ಇತ್ತು. ಇಲ್ಲಿ ಮಾತ್ರ. ಅವರು ಕಾಗದ ಮಾಡುವ ಹಳೆಯ ಫಾಂಟಿನ ಅಕ್ಷರಗಳಲ್ಲೇ ಎಲ್ಲವನ್ನೂ ಬೆರಳಚ್ಚು ಮಾಡಿದ್ದರು. ಆ ಅಕ್ಷರಗಳನ್ನು ಹಾಕಿಕೊಂಡ ಕಂಪ್ಯೂಟರಿನಲ್ಲಿ ಮಾತ್ರ ಅವು ಕನ್ನಡ, ಬೇರೆ ಕಡೆ ಕಸ. ಅಚ್ಚಾದ ಕಾಗದ ಸುಳ್ಯದಲ್ಲೂ ಅದೇ, ಮೈಸೂರಿನಲ್ಲೂ ಅದೇ. ವೆಬ್ ಪುಟವೂ ಹಾಗೇ ಎಂದು ಆ ಮನುಷ್ಯ ತಿಳಿದಿದ್ದ. ಕಲಿಸಲು ಬೋರ್ಡು ಹಾಕಿದವನು ಇನ್ನೊಂದು ಮೊಬೈಲಿನಲ್ಲಿ ಒಮ್ಮೆ ತೆರೆದು ನೋಡಬೇಡವೇ? ನಾನು ನನ್ನ ಮೊಬೈಲಿನಲ್ಲಿ ತೋರಿಸಿದೆ. ನೋಡಿದರು. ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ.

‘ನಿಮ್ಮ ಮೊಬೈಲು ಸರಿ ಇಲ್ಲ. ಮೈಸೂರಿನವರದ್ದೂ ಸರಿ ಇಲ್ಲ.’

ಕುಣಿಯಲಾರದವಳಿಗೆ ನೆಲ ಡೊಂಕಂತೆ. ಬಾಯಿಗೆ ಬಂದದ್ದೆಲ್ಲ ಹೇಳಿ ಇಳಿದು ಬಂದೆ. ನನ್ನ ಚಿತ್ರ ಪ್ರದರ್ಶನಕ್ಕೆ ಆಯ್ಕೆಯಾಗಲಿಲ್ಲ. ತಪ್ಪಾಯಿತು ಎಂದು ಅವರು ಕೊನೆಯವರೆಗೂ ಹೇಳಲಿಲ್ಲ. ಅದಕ್ಕಾಗಿ ನಾನು ಅವರನ್ನು ಕ್ಷಮಿಸಿಯೂ ಇಲ್ಲ.

ಮನೆಯಲ್ಲಿ ಕೂತು ಪ್ರತಿಯೊಂದು ಸಾಲನ್ನೂ ಎಲ್ಲ ಕಡೆ ತೆರೆಯುವ ಅಕ್ಷರದಲ್ಲಿ ನಾನೇ ಮತ್ತೆ ಬರೆದೆ. ಮಗಳ ಮೊಬೈಲು, ಪಕ್ಕದ ಮನೆಯವರ ಮೊಬೈಲು, ಬಸ್ಸಿನ ಕಂಡಕ್ಟರನ ಮೊಬೈಲು, ಸಿಕ್ಕಿದ್ದರಲ್ಲೆಲ್ಲ ತೆರೆದು ನೋಡಿದೆ. ಗಣಪತಿಗೆ ಕೈಮುಗಿದು ಇಳಿಸಿದೆ. ಕಾಲುದೀಪ, ಬಳ್ಳಿ, ಅರಿಶಿನ ಎಲ್ಲ ಹೋಯಿತು. ಹೆಸರನ್ನೂ ಸಣ್ಣ ಮಾಡಲು ಹೋದೆ. ಬ್ಯಾನರಿನ ಗಂಡಸಿನ ನಗು ನೆನಪಾಯಿತು. ಮಾಸ್ಟ್ರು ಇಟ್ಟ ಅಳತೆಯಲ್ಲೇ ಬಿಟ್ಟೆ.

ಕಳೆದ ವರ್ಷ ಅವರು ತೀರಿಕೊಂಡರು. ಎದೆನೋವೆಂದು ಪುತ್ತೂರಿನ ಆಸ್ಪತ್ರೆಗೆ ಕರೆದೊಯ್ಯುವಾಗ ದಾರಿಯಲ್ಲೇ ಹೋದರಂತೆ. ಅವರ ಹೆಂಡತಿ ಫೋನು ಮಾಡಿ, ಬೊಜ್ಜದ ಕಾಗದವನ್ನು ಮೊಬೈಲಿಗೆ ಕಳಿಸುವ ಹಾಗೆ ಮಾಡಿ ಕೊಡುವಿರಾ ಎಂದು ಕೇಳಿದರು. ನನ್ನನ್ನೇ ಯಾಕೆ ಕೇಳಿದಿರಿ ಎಂದೆ.

‘ಅವರು ನಿಮ್ಮ ಪೇಜನ್ನು ನೋಡ್ತಾ ಇದ್ರು ಅಕ್ಕ, ಹೊಸ ಕಪ್ಪೆ ಬಂತಾ ಅಂತ. ನೋಡಿದಾಗಲೆಲ್ಲ ಬೈಗುಳ. ದೀಪ ತೆಗೆದಿದ್ದಾಳೆ, ಬಣ್ಣ ತೆಗೆದಿದ್ದಾಳೆ, ಬುದ್ಧಿ ಇಲ್ಲ ಅಂತ. ಹೆಸರನ್ನು ಮಾತ್ರ ಮುಟ್ಲಿಲ್ಲ, ಅಷ್ಟು ಕಲ್ತಿದ್ದಾಳೆ ಅಂತ ಹೇಳ್ತಿದ್ರು.’

ಆ ಕಾಗದವನ್ನು ಮಾಡಿ ಕೊಟ್ಟೆ. ಬಿಳಿಯ ಮೇಲೆ ಕಪ್ಪು ಅಕ್ಷರ. ಎಲ್ಲ ಮೊಬೈಲುಗಳಲ್ಲೂ ತೆರೆಯಿತು.

ಮೊನ್ನೆ ಕಡಬ ಕಡೆಯ ಒಂದು ಶಾಲೆಯವರು ನನ್ನ ಪುಟವನ್ನು ನೋಡಿ ಬರೆದಿದ್ದರು. ಮಕ್ಕಳ ಪುಸ್ತಕದ ರಕ್ಷಾಪುಟಕ್ಕೆ ಮರಗಪ್ಪೆಯ ಚಿತ್ರ ಬೇಕಂತೆ, ನನ್ನ ಹೆಸರನ್ನು ಎಲ್ಲಿ ಹಾಕಬೇಕೆಂದು ಕೇಳಿದ್ದರು. ಒಳಪುಟದ ಮೂಲೆಯಲ್ಲಿ ಎಲ್ಲಾದರೂ ಸಾಕು ಎಂದು ಬರೆಯುವವಳಿದ್ದೆ. ಹಾಗೆ ಬರೆಯಲಿಲ್ಲ. ‘ಚಿತ್ರದ ಮೇಲೆಯೇ ಹಾಕಿ, ದೊಡ್ಡ ಅಕ್ಷರದಲ್ಲಿ,’ ಎಂದು ಬರೆದು ಕಳಿಸಿದೆ. ಆ ಬುದ್ಧಿ ನನ್ನದಲ್ಲ.