ಹಾಜಿರಾ ಬೀ ಮತ್ತು ಒಲೆಯ ಹಿಂದಿನ ಅಜ್ಜ

ಮಂಡ್ಯ ರೈಲು ನಿಲ್ದಾಣದ ಮುಂದೆ ಜಟಕಾ ಹೊಡೆಯುತ್ತಿದ್ದ ಇಸಾಕ್, ಹನಕೆರೆಯ ಹತ್ತಿರ ಕಬ್ಬಿನ ಗದ್ದೆಯ ಬದುವಿನಲ್ಲಿ ಕುದುರೆಗೆ ಹುಲ್ಲು ಕುಯ್ಯುವಾಗ ನಾಗರಹಾವು ಕಚ್ಚಿ ಸತ್ತ. ಹೆಂಡತಿ ಹಾಜಿರಾ ಬೀಗೆ ಆಗಿನ್ನೂ ಮೂವತ್ತು ದಾಟಿರಲಿಲ್ಲ. ಕುದುರೆ ಮಾರಿದಳು, ಮಗಳು ಅಖ್ತರಳನ್ನು ಕಂಕುಳಲ್ಲಿ ಎತ್ತಿಕೊಂಡು ಅವರಿವರ ಮನೆಯ ಅಡುಗೆಗೆ ನಿಂತಳು. ಕೈರುಚಿ ಇತ್ತು, ಅದಕ್ಕಿಂತ ಜೋರಾಗಿ ಬಾಯಿ ಇತ್ತು. ಹಾವಿನ ಮಾತು ಬಂದರೆ ಮಾತ್ರ ಮುಖ ಕಲ್ಲಾಗುತ್ತಿತ್ತು. ಪಕ್ಕದ ಮನೆಯ ಇಂದ್ರಮ್ಮ ಹುತ್ತಕ್ಕೆ ಹಾಲೆರೆಯಲು ಹೊರಟರೆ, "ಆ ಆಲ್ನ ನಿನ್ ಮಕ್ಳಿಗ್ ಕುಡ್ಸು ಕಣಮ್ಮ, ಪುಣ್ಯ ಬತ್ತದೆ" ಅಂದುಬಿಡುತ್ತಿದ್ದಳು.

ಎಪ್ಪತ್ತಮೂರರಲ್ಲಿ ಊರಿನ ಕಾರ್ಖಾನೆಯಲ್ಲಿ ಸಕ್ಕರೆ ತೆಗೆಯುವ ಯಂತ್ರ ಕೂರಿಸಲು ಚೆಕೊಸ್ಲೊವಾಕಿಯಾದಿಂದ ಎಂಜಿನಿಯರೊಬ್ಬರು ಬಂದು ನಾಲೆಯ ಪಕ್ಕದ ಬಂಗಲೆಯಲ್ಲಿ ಬಿಡಾರ ಮಾಡಿದರು. ಹೆಸರು ಯೋಸೆಫ್. ಅಡುಗೆಗೆ ಸೇರಿದ ಹಾಜಿರಾ ಮೊದಲ ದಿನವೇ ಅವರನ್ನು ಯೂಸುಫ್ ಸಾಹೇಬರನ್ನಾಗಿ ಮಾಡಿಕೊಂಡಳು. ಅವರ ಹೆಂಡತಿ ಲುದ್ಮಿಲಾ ಅವಳ ಬಾಯಲ್ಲಿ ಮಿಲಮ್ಮ ಆದಳು. ಮಿಲಮ್ಮ ಕನ್ನಡ ಕಲಿತದ್ದು ಹಾಜಿರಾಳಿಂದಲೇ. ಹಾಗಾಗಿ ಆ ಬಿಳಿ ಹೆಂಗಸು ಸಂತೆಯಲ್ಲಿ "ಯಾಕಣ್ಣ, ಉಣ್ಸೇಣ್ಣು ಇಷ್ಟ್ ಉಳಿ?" ಎಂದು ಕೇಳಿದರೆ ಅಂಗಡಿಯವರು ಬೆರಗಾಗಿ ಒಂದು ಹಿಡಿ ಹೆಚ್ಚಿಗೇ ಹಾಕುತ್ತಿದ್ದರು.

ಮಧ್ಯಾಹ್ನ ಇಬ್ಬರೂ ಅಡುಗೆಮನೆಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಾ ಭೂತಪ್ರೇತಗಳನ್ನು ಬದಲಾಯಿಸಿಕೊಳ್ಳುತ್ತಿದ್ದರು. ಮಿಲಮ್ಮನ ಊರಿನಲ್ಲಿ, ನಡುಹಗಲಲ್ಲೂ ಕುಯ್ಲು ನಿಲ್ಲಿಸದವರ ಕತ್ತು ತಿರುಚುವ ಬಿಳಿಬಟ್ಟೆಯ ಹೆಂಗಸು. ಪಕ್ಕದ ಮನೆಯ ಹಸುವಿನ ಹಾಲನ್ನು ತನ್ನ ಮನೆಯ ಹಗ್ಗದಿಂದಲೇ ಹಿಂಡಿಕೊಳ್ಳುವ ಮಾಟಗಾತಿ. ಕೆರೆಯ ತಳದಲ್ಲಿ ಕೂತು, ಮುಳುಗಿದವರ ಜೀವಗಳನ್ನು ಬಟ್ಟಲುಗಳ ಕೆಳಗೆ ಮುಚ್ಚಿಡುವ ಹಸಿರು ಮನುಷ್ಯ. ಅವನ ಕೋಟಿನ ಅಂಚಿನಿಂದ ಯಾವಾಗಲೂ ನೀರು ತೊಟ್ಟಿಕ್ಕುತ್ತದಂತೆ.

"ಮದ್ದೂರ್ ಒಳೆ ತಾವ್ಲೂ ಒಬ್ಬ ಜಿನ್ ಅವ್ನೆ ಕಣಮ್ಮ" ಎಂದು ಹಾಜಿರಾ ನಗುತ್ತಿದ್ದಳು. "ಇಬ್ರಿಗೂ ಬೀಗಸ್ತನ ಮಾಡ್ಸ್‌ಬುಡಾನ."

ಮಾರನೆಯ ವರ್ಷ ಯೂಸುಫ್ ಸಾಹೇಬರಿಗೆ ಕಾಮಾಲೆ ಹಿಡಿಯಿತು. ಕಣ್ಣೆಲ್ಲ ಅರಿಸಿನ. ಡಾಕ್ಟರು ದಿನಾ ಬಂದು ನೋಡುತ್ತಿದ್ದರು, ಮಿಲಮ್ಮ ಊಟ ಬಿಟ್ಟು ಮಂಚದ ಪಕ್ಕವೇ ಇರುತ್ತಿದ್ದಳು. ಅಂಥ ಒಂದು ಬೆಳಿಗ್ಗೆ ಹಾಜಿರಾ ಒಲೆಯ ಹಿಂದಿನ ಸೌದೆ ಎಳೆದರೆ, ಮಾರುದ್ದದ ಹಾವು ಮೈ ಬಿಚ್ಚಿತು. ಅವಳು ಕಿರುಚಲಿಲ್ಲ. ಹಲ್ಲು ಕಚ್ಚಿ, ದಪ್ಪ ಸೌದೆಯೊಂದನ್ನು ಎತ್ತಿದಳು.

"ಒಡೀಬ್ಯಾಡ ಆಜಿರಾ!" ಓಡಿಬಂದ ಮಿಲಮ್ಮ ಅವಳ ಕೈಗೆ ಜೋತುಬಿದ್ದಳು. "ಅಜ್ಜ! ಅದು ಅಜ್ಜ ಕಣಮ್ಮ!"

ತೋಟದ ಮಾಲಿ ಕೆಂಪಸಿದ್ದಯ್ಯ ಬಂದು ಬಗ್ಗಿ ನೋಡಿದ. "ಕೇರೆ ಆವು, ಇಲಿಗ್ ಬಂದದೆ. ಬುಡಕ್ಕ" ಅಂದ.

ಅಳುತ್ತಲೇ ಮಿಲಮ್ಮ ಹೇಳಿದಳು. ಅವಳ ಊರಿನಲ್ಲಿ ಪ್ರತಿ ಮನೆಗೂ ಒಂದು ಹಾವು. ಹೊಸ್ತಿಲ ಕೆಳಗೋ ಒಲೆಯ ಹಿಂದೋ ಅದರ ವಾಸ. ಸತ್ತುಹೋದ ಅಜ್ಜನೇ ಆ ರೂಪದಲ್ಲಿ ಮನೆ ಕಾಯುತ್ತಾನೆ. ಅದನ್ನು ಕೊಂದರೆ ಮನೆಯ ಯಜಮಾನ ಉಳಿಯುವುದಿಲ್ಲ.

ಹಾಜಿರಾ ಸೌದೆ ಕೆಳಗಿಟ್ಟಳು. ಗಂಡನನ್ನು ಕಳೆದುಕೊಂಡ ಮನೆ ಹೇಗಿರುತ್ತದೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅಂದಿನಿಂದ ಒಲೆಯ ಹಿಂದೆ ಒಂದು ತಟ್ಟೆ ಹಾಲು ಇಡುವ ಕೆಲಸ ಅವಳದೇ ಆಯಿತು. ಮುಖ ಆಚೆ ತಿರುಗಿಸಿಕೊಂಡು ಇಡುತ್ತಿದ್ದಳು. ತಟ್ಟೆ ಬರಿದಾದದ್ದು ಕಂಡರೆ ಮಿಲಮ್ಮನ ಮುಖ ಅರಳುತ್ತಿತ್ತು, ಎರಡು ತುತ್ತು ಉಣ್ಣುತ್ತಿದ್ದಳು. ಕುಡಿಯುತ್ತಿದ್ದದ್ದು ಗಬ್ಬವಾಗಿದ್ದ ಒಂದು ಕಂದು ಬೆಕ್ಕು ಎಂಬುದನ್ನು ಹಾಜಿರಾ ಎರಡನೆಯ ದಿನವೇ ಕಂಡುಕೊಂಡಿದ್ದಳು. ಬಾಯಿ ಬಿಡಲಿಲ್ಲ.

ಬೆಕ್ಕು ಮರಿ ಹಾಕಲು ಎಲ್ಲೋ ಹೋಯಿತು. ಹಾಲು ಹಾಗೇ ಉಳಿಯಿತು. ಒಳಗೆ ಸಾಹೇಬರಿಗೆ ಜ್ವರ ಏರಿತ್ತು, ಮಿಲಮ್ಮ ತಟ್ಟೆ ನೋಡಲು ಇನ್ನೇನು ಎದ್ದು ಬರುವವಳು. ಚೆಲ್ಲೋಣವೆಂದರೆ ಅನ್ನಾಹಾರ ಚೆಲ್ಲಿ ಅಭ್ಯಾಸವಿಲ್ಲ. ಕುಡಿಯೋಣವೆಂದರೆ ರಂಜಾನ್ ಉಪವಾಸ. ಹಿತ್ತಲ ಬಾಗಿಲಿಂದ ಕೆಂಪಸಿದ್ದಯ್ಯನನ್ನು ಕರೆದಳು.

"ಸಿದ್ದಣ್ಣ, ಇದ್ನ ಕುಡ್ದ್‌ಬುಡು."

"ಆವಿಗಿಟ್ಟಿದ್ದ ಆಲ್ನ ನಾನ್ ಕುಡೀಬೇಕಾ? ನಾಗಪ್ಪ ಸುಮ್ಕಿದ್ದಾನಾ?"

"ನಾಗಪ್ಪಲ್ಲ, ಕೇರೆ ಅಂತ ನೀನೇ ಅಂದ್ಯಲ್ಲ. ಆ ಎಣ್ಮಗ್ಳು ಉಣ್ಬೇಕೋ ಬ್ಯಾಡ್ವೋ? ಕುಡಿ ಅಂದ್ರೆ!"

ಕೆಂಪಸಿದ್ದಯ್ಯ ಮೇಲೆ ನೋಡಿ ಕೈಮುಗಿದು ಗಟಗಟನೆ ಕುಡಿದ. ಬಂದು ನೋಡಿದ ಮಿಲಮ್ಮ, "ಅಜ್ಜ ಕುಡ್ದವ್ನೆ!" ಎಂದಳು.

"ಊಂ ಕಣಮ್ಮ, ಮೀಸೆ ಒರಸ್ಕೊಂಡ್ ಓದ" ಎಂದಳು ಹಾಜಿರಾ. ಉಪವಾಸದಲ್ಲಿ ಸುಳ್ಳಾಡಿದ್ದಕ್ಕೆ ಆ ಸಂಜೆ ನಮಾಜಿನಲ್ಲಿ ಹೆಚ್ಚು ಹೊತ್ತು ಕೂತಳು.

ಬೆಕ್ಕು ಮರಿಗಳ ಸಮೇತ ಮರಳುವ ತನಕ ಅಜ್ಜನ ಪಾಲು ಕೆಂಪಸಿದ್ದಯ್ಯನದೇ. ಅಷ್ಟರಲ್ಲಿ ಸಾಹೇಬರ ಕಣ್ಣು ತಿಳಿಯಾಯಿತು; ಹಬ್ಬದ ದಿನ ಗೋಡೆ ಹಿಡಿದುಕೊಂಡು ಅಡುಗೆಮನೆಗೆ ನಡೆದುಬಂದು ಶಾವಿಗೆ ಪಾಯಸ ಕೇಳಿದರು. ಮಿಲಮ್ಮ ಹಾಜಿರಾಳನ್ನು ತಬ್ಬಿಕೊಂಡು ಅವಳ ಭುಜವನ್ನೆಲ್ಲ ಒದ್ದೆ ಮಾಡಿದಳು. ಹಾಜಿರಾ ನಿಜ ಹೇಳಲು ಬಾಯಿ ತೆರೆದವಳು, "ಪಾಯ್ಸ ಆರೋಯ್ತದೆ, ಬುಡಮ್ಮ" ಎಂದಳು.

ಎಪ್ಪತ್ತಾರರಲ್ಲಿ ಅವರು ಊರಿಗೆ ಹೊರಟುಹೋದರು. ಬೆಂಗಳೂರು ಕಡೆಯ ಅಧಿಕಾರಿಯೊಬ್ಬರು ಬಂಗಲೆಗೆ ಬಂದರು, ಅಡುಗೆಗೆ ಹಾಜಿರಾಳೇ ಮುಂದುವರಿದಳು. ಒಂದು ದಿನ ಹಾವು ನಡುಮನೆಗೇ ಬಂತು. ಮಕ್ಕಳು ಮಂಚ ಹತ್ತಿ ಕೂಗಿದವು. ಡ್ರೈವರ್ ಚಲುವರಾಜು ಹಾರೆ ಹಿಡಿದು ನುಗ್ಗಿದ. ಹಾಜಿರಾ ಕೈಯಗಲಿಸಿ ಅಡ್ಡ ನಿಂತಳು.

"ಬುಡ್ಲಾ. ದಾರಿ ಬುಡು, ಅದೇ ಓಯ್ತದೆ."

"ನಿನ್ ಗಂಡನ್ ತಿಂದಿದ್ದೂ ಆವೇ ಅಲ್ವೇನಕ್ಕ?"

"ಇಸಾಕನ್ನ ಕಚ್ಚಿದ್ದು ಅನಕೆರೇದು. ಇದು ಯೂಸುಫ್ ಸಾಬ್ರ ಮನೇದು ಕಣ್ಲಾ."

ಹಿತ್ತಲ ಬಾಗಿಲನ್ನು ಅವಳೇ ತೆರೆದಳು. ಹಾವು ಹೊಸ್ತಿಲು ದಾಟಿ, ಕನಕಾಂಬರದ ಪಾತಿಯ ಅಂಚಿನಲ್ಲಿ ಹರಿದು ನಾಲೆಯ ಏರಿ ಹತ್ತಿತು. ಅದು ಕಣ್ಮರೆಯಾದ ಮೇಲೆ ಹಾಜಿರಾ ಹೊಸ್ತಿಲ ಮೇಲೆ ಕುಸಿದು ಕೂತು, ಇಷ್ಟು ವರ್ಷ ಅಳದಿದ್ದವಳು ಇಸಾಕನ ಹೆಸರು ಹೇಳಿಕೊಂಡು ಅತ್ತಳು. ಚಲುವರಾಜು ಹಾರೆ ಬಿಸಾಕಿ, ಒಂದು ಚೊಂಬು ನೀರು ತಂದುಕೊಟ್ಟು ಪಕ್ಕದಲ್ಲೇ ಕೂತ.